ನಾನು ಬೆಳಗಿದ ಕುದುರೆ

ಮೊನ್ನೆ ಗುರುವಾರ ದೇವರ ದೀಪ ತೊಳೆಯಲೆಂದು ಹುಣಸೆಹಣ್ಣು ನೆನೆಹಾಕಿದ್ದೆ. ಕಿವುಚಿ ಹಿತ್ತಾಳೆಗೆ ಹಚ್ಚುತ್ತಿದ್ದಂತೆ ಏಳುವ ಆ ಹುಳಿ ವಾಸನೆ... ಅಷ್ಟಕ್ಕೇ ಸಿಂಕಿನ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಪಕ್ಕದ ಮನೆಯ ಅಂಕಲ್ ನೆನಪಾದರು.

ನಾವು ಮೈಸೂರಿನಿಂದ ಈ ಪರದೇಶದ ಮೌಂಟ್ ರಾಸ್ಕಿಲ್‌ಗೆ ಬಂದ ಹೊಸತು. ಎರಡು ಸಾವಿರದ ಐದೋ ಆರೋ ಇರಬೇಕು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಒಬ್ಬಳೇ ಬಸ್ಸು ಹತ್ತಲೂ ಭಯ. ಬೇಲಿಯಾಚೆಯಿಂದ ದಿನಾ ಮಾತನಾಡಿಸುತ್ತಿದ್ದವರು ಅವರೊಬ್ಬರೇ. ಎಂಬತ್ತು ದಾಟಿದ ಒಂಟಿ ಜೀವ. ಕಣ್ಣು ಬಹುಪಾಲು ಹೋಗಿತ್ತು. ಬೆಳಕು ನೆರಳು ತಿಳಿಯುತ್ತಿತ್ತು, ಅಷ್ಟೆ.

ಅವರ ಮನೆಯಲ್ಲಿ ಎರಡು ಕಂಚಿನ ಕುದುರೆಗಳಿದ್ದವು. ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನಲ್ಲಿ ಎರಕ ಹೊಯ್ದವು, ತೀರಿಹೋದ ಹೆಂಡತಿಯ ತವರಿನಿಂದ ಬಂದವು. ಒಂದು ತಲೆ ತಗ್ಗಿಸಿ ಮೇಯುತ್ತಿತ್ತು, ಇನ್ನೊಂದು ಕಿವಿ ನಿಮಿರಿಸಿ ಹಿಂದಿರುಗಿ ನೋಡುತ್ತಿತ್ತು. ದಿನಾ ಅವನ್ನು ಕೈಯಲ್ಲೇ ಸವರಿ ನೋಡುತ್ತಿದ್ದರು.

ಒಮ್ಮೆ ಆಸ್ಪತ್ರೆ ಸೇರುವಾಗ, ಗಿಡಕ್ಕೆ ನೀರು ಹಾಕು ಎಂದು ಬೀಗದ ಕೈ ಕೊಟ್ಟು ಹೋದರು. ಬರುವಷ್ಟರಲ್ಲಿ ಮನೆ ಲಕಲಕ ಎನ್ನಲಿ ಎಂದು ಗುಡಿಸಿ ಒರೆಸಿದೆ. ಕುದುರೆಗಳು ಕಂದುಗಪ್ಪಾಗಿದ್ದವು. ಪಾಪ, ಹೆಂಗಸಿಲ್ಲದ ಮನೆ, ಕಿಲುಬು ಹಿಡಿದಿದೆ ಎಂದುಕೊಂಡೆ. ಹುಣಸೆಹಣ್ಣು, ಉಪ್ಪು ಹಾಕಿ ಅರ್ಧ ದಿನ ಉಜ್ಜಿದೆ. ಮೇಯುವ ಕುದುರೆ ಹೊಸ ಚೆಂಬಿನ ಹಾಗೆ ಹೊಳೆಯಿತು. ಇನ್ನೊಂದಕ್ಕೆ ರಟ್ಟೆಯಲ್ಲಿ ಶಕ್ತಿ ಉಳಿಯಲಿಲ್ಲ.

ಸಂಜೆ ಹೆಮ್ಮೆಯಿಂದ ಯಜಮಾನರಿಗೆ ತೋರಿಸಿದೆ. ಅವರು ತಲೆ ಹಿಡಿದುಕೊಂಡರು.

"ಅಯ್ಯೋ, ಅದು ಕಿಲುಬಲ್ಲ ಕಣೇ! ಮಾಡಿದವನೇ ಕಾಯಿಸಿ ತಂದಿರೋ ಬಣ್ಣ, ನೂರು ವರ್ಷದಿಂದ ಮಾಗಿದ್ದು. ಅದಿದ್ರೇನೇ ಅದಕ್ಕೆ ಮರ್ಯಾದೆ."

"ಮತ್ತೆ ಬರ್ಸಕ್ಕಾಗಲ್ವಾ?"

"ನೂರು ವರ್ಷ ಕಾಯ್ತೀಯಾ? ಉಜ್ಜಿದ್ದಾಯ್ತಲ್ಲ, ಕುಂಕುಮ ಇಟ್ಟು ಆರತಿನೂ ಎತ್ಬಿಡು!"

ಅಂಕಲ್ ಬಂದ ದಿನ ಹೇಳಲೇಬೇಕೆಂದು ಹೋದೆ. ಆಗಲೇ ಮೇಯುವ ಕುದುರೆಯ ಕತ್ತು ಸವರುತ್ತ ಕೂತಿದ್ದರು. ಮುಂದಿನ ತಿಂಗಳು ಮಗಳು ಬಂದು ಕುದುರೆಗಳನ್ನು ಒಯ್ಯುತ್ತಾಳೆ, ಅವಳಮ್ಮನ ನೆನಪಿಗೆ ಇರುವುದು ಇವೆರಡೇ ಎಂದರು. ನನಗೆ ಕಾಣುವುದಿಲ್ಲ, ನೀನೇ ನೋಡಿ ಹೇಳು, ಬಣ್ಣ ಹಾಗೇ ಇದೆಯಾ ಎಂದು ಕೇಳಿದರು.

"ಎಸ್ ಅಂಕಲ್," ಎಂದೆ. "ವೆರಿ ಗುಡ್."

ಅವರ ಬೆರಳು ಒಂದು ಗಳಿಗೆ ಅಲ್ಲೇ ನಿಂತಿತು. ಗೊತ್ತಾಗಿತ್ತೋ ಏನೋ... "ಥ್ಯಾಂಕ್ಯೂ, ಡಿಯರ್," ಎಂದರು.

ಮನೆಗೆ ಬಂದವಳೇ ದೇವರಿಗೆ ಕೈಮುಗಿದೆ. ಸದ್ಯ, ಅವರಿಗೆ ಕಣ್ಣು ಕಾಣುವುದಿಲ್ಲವಲ್ಲ, ನಿನ್ನ ದಯೆ ದೇವರೇ ಎಂದೆ.

ಮಗಳು ಬಂದ ದಿನ ಪರದೆ ಎಳೆದು ಒಳಗೇ ಇದ್ದೆ. ಅವಳು ನೋಡಿ ಏನೆಂದುಕೊಂಡಳೋ, ಅಪ್ಪನಿಗೆ ಹೇಳಿದಳೋ ತಿಳಿಯದು. ಕುದುರೆಗಳ ಜೊತೆ ಅವರೂ ಹೋದರು, ಪುಕೆಕೊಹೆಯ ಕಡೆ ಒಂದು ವೃದ್ಧಾಶ್ರಮಕ್ಕೆ. ಹೋಗಿ ಹೇಳಿಬಿಡೋಣ ಎಂದುಕೊಂಡೆ. ನಮ್ಮ ಮಗುವಿಗೆ ಜ್ವರ ಬಂತು, ಆಮೇಲೆ ಹಬ್ಬ, ಆಮೇಲೆ ಮಳೆ... ಆ ಚಳಿಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು.

ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ನಾನು ಮಾತ್ರ ದಿನದ ಕೊನೆಗೆ ದೇವರು ಕೊಟ್ಟ ಸಣ್ಣಪುಟ್ಟದ್ದನ್ನೆಲ್ಲ ಎಣಿಸುತ್ತೇನೆ. ಬಟ್ಟೆ ಒಣಗಿತು, ಮಂಡಿ ಅಷ್ಟಾಗಿ ನೋಯಲಿಲ್ಲ, ಮಗಳು ಫೋನಿನಲ್ಲಿ ಎರಡು ಮಾತು ಕನ್ನಡದಲ್ಲೇ ಆಡಿದಳು. ಕುದುರೆಯ ಬಣ್ಣ ಕಳೆದದ್ದನ್ನು ದೇವರು ಮನ್ನಿಸಿಯಾನು. ಆದರೆ ಒಬ್ಬ ಒಳ್ಳೆಯ ಮನುಷ್ಯನಿಗೆ ಕಣ್ಣು ಕಾಣದ್ದನ್ನೂ ಒಂದು ದಿನ ಹೀಗೇ ಎಣಿಸಿಕೊಂಡಿದ್ದೆನಲ್ಲ... ಅದಕ್ಕೆ ಕ್ಷಮೆ ಕೇಳೋಣವೆಂದರೆ ಅವರೇ ಇಲ್ಲ.