ವಿಠಾಬಾಯಿ ಹಾಲು ಹಾಕಿದ ಮನೆಗಳು

ಹಳಿಯಾಳದ ಸಂತೆಯಲ್ಲಿ ಗೌಳಿ ಹೆಂಗಸರು ಮಾರುವ ಬೆಣ್ಣೆಗೆ ತುಸು ಹೊಗೆಯ ವಾಸನೆ ಇರುತ್ತದೆ. ಅವರ ಮನೆಗಳಲ್ಲಿ ಒಲೆಯೂ ಮಜ್ಜಿಗೆ ಕಡೆಯುವ ಕಂಬವೂ ಒಂದೇ ಕೋಣೆಯಲ್ಲಿ ಇರುವುದಕ್ಕೋ ಏನೋ. ನಮ್ಮ ಯಜಮಾನರಿಗೆ ಅದು ಆಗುವುದಿಲ್ಲ. ನಾನು ತುಪ್ಪ ಕಾಸುವ ದಿನ ಅವರು ಪೇಪರು ಹಿಡಿದುಕೊಂಡು ಅಂಗಳಕ್ಕೆ ನಡೆದುಬಿಡುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದರೆ ಒಲೆಯ ಮುಂದಿನಿಂದ ಕದಲಲು ಮನಸ್ಸಾಗುವುದಿಲ್ಲ. ಕಳೆದ ಫೆಬ್ರುವರಿಯಲ್ಲಿ ಹಾಗೆ ನಿಂತಿದ್ದಾಗಲೇ ನಮ್ಮ ಮಹಿಳಾ ಮಂಡಳದ ಕಾರ್ಯದರ್ಶಿ ಶೈಲಾ ವೈನಿ ಒಂದು ಹಾಳೆ ತಂದು ಅಡುಗೆ ಕಟ್ಟೆಯ ಮೇಲಿಟ್ಟರು.

“ಮಹಿಳಾ ದಿನಕ್ಕ ಒಬ್ಬರಿಗೆ ಸನ್ಮಾನ ಮಾಡಬೇಕಲ್ರಿ. ಡಾಕ್ಟರ್ ಬಾಯಾರಿಗೆ ಹೋದ ವರ್ಷ ಆತು. ಹೆಡ್‌ಮಾಸ್ತರ್ ಬಾಯಾರಿಗೆ ಎರಡ ಸಲ ಆಗೇತಿ, ಅವರ ಮನ್ಯಾಗ ಶಾಲು ಇಡಾಕ ಜಾಗಾ ಇಲ್ಲಂತ. ಈ ಸಲ ನೀವ ಯಾರನ್ನರೆ ಹುಡುಕ್ರಿ. ಮಾನಪತ್ರನೂ ನೀವ ಬರೀರಿ, ಕಾನ್ವೆಂಟಿನಾಗ ಕಲತಾರು.”

ನಾನು ಕಾನ್ವೆಂಟಿನಲ್ಲಿ ಕಲಿತದ್ದು ನಮ್ಮ ಓಣಿಗೆಲ್ಲ ಗೊತ್ತು. ಔಷಧದ ಬಾಟಲಿಯ ಮೇಲಿನದನ್ನು ಓದಲು, ಹೊಸ ಮಿಕ್ಸರಿನ ಜೊತೆ ಬಂದ ಪುಸ್ತಕದ ಅರ್ಥ ಹೇಳಲು, ಬ್ಯಾಂಕಿನ ಫಾರಂ ತುಂಬಲು ಎಲ್ಲರೂ ನನ್ನ ಹತ್ತಿರವೇ ಬರುತ್ತಾರೆ. ಸಿಸ್ಟರುಗಳು ಅಷ್ಟು ಕಷ್ಟಪಟ್ಟು ಕಲಿಸಿದ ಇಂಗ್ಲಿಷು ಕುಕ್ಕರಿನ ಗ್ಯಾರಂಟಿ ಕಾರ್ಡಿನಲ್ಲಿ ಖರ್ಚಾಗುತ್ತಿದೆ ಎಂದು ನಾನೇ ನಗುವುದುಂಟು. ಆ ಇಂಗ್ಲಿಷಿನಿಂದ ನಾನು ಮಾಡಿದ ಇನ್ನೊಂದು ಕೆಲಸದ ಬಗ್ಗೆ ಯಾರಿಗೂ ಗೊತ್ತಿರಲಿಲ್ಲ. ಅದನ್ನೇ ಈಗ ನಿಮಗೆ ಹೇಳಲು ಹೊರಟಿದ್ದೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ತಾಳ್ಮೆ ಇರಲಿ.

ಹಾಳೆಯಲ್ಲಿ ಹೆಸರು, ವಿದ್ಯಾಭ್ಯಾಸ, ಸಂಸ್ಥೆ, ಪಡೆದ ಪ್ರಶಸ್ತಿಗಳು ಎಂದೆಲ್ಲ ಮನೆ ಹಾಕಿದ್ದರು. ‘ಸಮಾಜಕ್ಕೆ ಕೊಡುಗೆ’ ಎಂಬುದಕ್ಕೆ ಎರಡು ಬೆರಳಿನಷ್ಟು ಜಾಗ. ತುಪ್ಪದ ಹೊಗೆ ವಾಸನೆಯ ನಡುವೆ ನನಗೆ ಹೊಳೆದದ್ದು ಒಂದೇ ಹೆಸರು, ವಿಠಾಬಾಯಿ. ವಿದ್ಯಾಭ್ಯಾಸದ ಮುಂದೆ ಒಂದು ಗೆರೆ ಎಳೆಯಬಹುದಿತ್ತು. ಸಂಸ್ಥೆಯ ಮುಂದೆ ಏನು ಬರೆಯಲಿ, ಏಳು ಎಮ್ಮೆ ಎಂದೇ?

ನಾನು ಬೆಳೆದದ್ದು ದಾಂಡೇಲಿಯಲ್ಲಿ. ಅಪ್ಪನಿಗೆ ಮಿಲ್ಲಿನಲ್ಲಿ ಕೆಲಸ, ಸಾಲು ಕ್ವಾರ್ಟರ್ಸುಗಳಲ್ಲಿ ನಮ್ಮದೊಂದು ಮನೆ, ಹಿಂದೆ ಹತ್ತು ಹೆಜ್ಜೆಗೆ ಅಡವಿ. ವಿಠಾಬಾಯಿ ಆ ಅಡವಿಯ ಆಚೆಗಿನ ಗೌಳಿವಾಡಾದಿಂದ ಎರಡು ಹೊತ್ತೂ ನಡೆದು ಬಂದು ಹಾಲು ಹಾಕುತ್ತಿದ್ದಳು. ಮೊಣಕಾಲಿನ ತನಕ ಕಚ್ಚೆ ಸೀರೆ, ತಲೆಯ ಮೇಲೆ ಸಿಂಬೆ, ಅದರ ಮೇಲೆ ಕ್ಯಾನು. ಅವಳಿಗೆ ಓದು ಬರಹ ಇಲ್ಲ, ಯಾರ ಮನೆಯ ಹೆಸರೂ ಬೇಕಿರಲಿಲ್ಲ. ಹಾಲು ಹಾಕಿಸಿಕೊಳ್ಳುವ ಪಾತ್ರೆಯಿಂದಲೇ ಅವಳು ಮನೆಗಳನ್ನು ಗುರುತಿಟ್ಟುಕೊಂಡಿದ್ದಳು. ಹಿತ್ತಾಳೆ ತಂಬಿಗೆ ಮನಿ, ಹಿಡಿಕಿ ಮುರದ ಪಾತೇಲಿ ಮನಿ, ಸಾಹೇಬರ ಜಗ್ಗಿನ ಮನಿ. ನಮ್ಮ ಅವ್ವ ಬೆಕ್ಕಿನ ಕಾಟಕ್ಕೆ ಮುಚ್ಚಳವಿರುವ ಚಹಾ ಕಿಟ್ಲಿಯಲ್ಲಿ ಹಾಲು ಹಾಕಿಸುತ್ತಿದ್ದಳು. ಹಾಗಾಗಿ ನಮ್ಮದು ಕಿಟ್ಲಿ ಮನಿ.

ಒಂದು ಬೆಳಿಗ್ಗೆ ಅವಳು ಹಾಲಿನ ಜೊತೆ ನನ್ನ ವಾರಿಗೆಯ ಒಂದು ಹುಡುಗಿಯನ್ನೂ ತಂದಳು.

“ಬಾಯಿ, ಹಾಲು ಏಳಕ್ಕ ಬರತೈತಿ, ಸಾಲಿ ಹತ್ತಕ್ಕ ತೆಗೀತಾರ,” ಎಂದಳು. “ಅಲ್ಲೀ ತನಕ ಈ ಪೋರಿ ನಿಮ್ಮ ಕಟ್ಟಿ ಮ್ಯಾಲ ಕೂಡತೈತಿ. ನೀರ ಕೇಳೂದಿಲ್ಲ, ಚಾ ಕೇಳೂದಿಲ್ಲ.”

“ಒಂದಕ್ಕ ಬಂದ್ರ?” ಎಂದು ಅವ್ವ ಕೇಳಿದಳು.

“ಅಡವಿ ಐತಲ್ಲ ಬಾಯಿ, ಅದನ್ನೂ ನಿಮಗ ಕೇಳಬೇಕೇನ?”

ಅವ್ವ ನಕ್ಕುಬಿಟ್ಟಳು. ನಕ್ಕ ಮೇಲೆ ಒಲ್ಲೆ ಎನ್ನುವುದು ಕಷ್ಟ.

ವಾಡಾದ ಗಂಡುಮಕ್ಕಳು ಸೈಕಲ್ಲಿನ ಬಾರಿನ ಮೇಲೆ ಕೂತು ಶಾಲೆಗೆ ಹೋಗುತ್ತಿದ್ದರು. ಕರಡಿ ಓಡಾಡುವ ದಾರಿಯಲ್ಲಿ ಹೆಣ್ಣುಮಕ್ಕಳನ್ನು ಕಳಿಸುವವರಿರಲಿಲ್ಲ. ಹೇಗೂ ತಾನು ದಿನಾ ಬರುವವಳು ಎಂದು ವಿಠಾಬಾಯಿ ಆರು ಹುಡುಗಿಯರನ್ನು ಮುಂದೆ ಬಿಟ್ಟುಕೊಂಡು ನಡೆದಳು. ಹಾಲು ಹಾಕುವ ಮನೆಗಳಲ್ಲಿ ಆರು ಕಟ್ಟೆ ಸಿಕ್ಕವು, ಕಟ್ಟೆಗೆ ಒಬ್ಬೊಬ್ಬ ಹುಡುಗಿ. ಸಂಜೆ ಹಾಲಿಗೆ ಬಂದಾಗ ಎಲ್ಲರನ್ನೂ ಕೂಡಿಸಿಕೊಂಡು ವಾಪಸು. ಎಲ್ಲರನ್ನೂ ಒಂದೇ ಕಡೆ ಯಾಕೆ ಬಿಡುವುದಿಲ್ಲ ಎಂದು ಅವ್ವ ಕೇಳಿದ್ದಕ್ಕೆ, “ಆರು ಮಂದೀನ ಒಂದ ಕಡೆ ಕೂಡಿಸಿದ್ರ ಗದ್ದಲ ಅಂತಾರ. ಒಂದ ಕೂತಿದ್ರ ಪಾಪ ಕೂಸು ಅಂತಾರ,” ಎಂದಿದ್ದಳು. ಕಟ್ಟೆ ಕೊಡದ ಮನೆಗೂ ಹಾಲು ತಪ್ಪಿಸಿದವಳಲ್ಲ. ಅಳತೆಯಾದ ಮೇಲೆ ಹಾಕುವ ಚೂರು ಕೊಸರನ್ನೂ ತಪ್ಪಿಸಿದವಳಲ್ಲ.

ನಮ್ಮ ಕಟ್ಟೆಯ ಹುಡುಗಿಯ ಹೆಸರು ಜನಿ. ಪಾಟಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಬೆನ್ನು ತಾಗಿಸದೆ ಕೂಡುವಳು. ನಾನು ಕ್ಯಾನ್ವಾಸ್ ಬೂಟಿಗೆ ಸುಣ್ಣದ ಕಡ್ಡಿ ಉಜ್ಜುವುದನ್ನು, ಅವ್ವ ನನಗೆ ಎರಡು ಜಡೆ ಹಾಕುವುದನ್ನು ಕಿಟಕಿಯಿಂದ ನೋಡುತ್ತಿದ್ದಳು. ಅವ್ವ ಆಗಾಗ ಒಂದು ಚೂರು ಬೆಲ್ಲ ಕೊಡುತ್ತಿದ್ದಳು, ಏನನ್ನೂ ಕೇಳದ ಜನಿ ಕೊಟ್ಟರೆ ಒಲ್ಲೆ ಎನ್ನುತ್ತಿರಲಿಲ್ಲ. ಎರಡು ವರ್ಷ ಹೀಗೇ ನಡೆಯಿತು. ನಾವಿಬ್ಬರೂ ಗೆಳತಿಯರಾಗಿದ್ದೆವು ಎಂದು ಬರೆಯಲು ಕೈ ಚಡಪಡಿಸುತ್ತದೆ, ಆದರೆ ಅದು ನಿಜವಲ್ಲ. ನನಗೆ ಅವಳೊಂದು ಕಟ್ಟೆಯ ಮೇಲಿನ ಸಾಮಾನು.

ಮೂರನೆಯ ವರ್ಷ ನಮ್ಮ ಕಾನ್ವೆಂಟಿನಲ್ಲಿ ಕಂಠಪಾಠ ಸ್ಪರ್ಧೆ. ಉದ್ದನೆಯ ಒಂದು ಇಂಗ್ಲಿಷ್ ಪದ್ಯವನ್ನು ನಾನು ದಿನಾ ಬೆಳಿಗ್ಗೆ ಕೋಣೆಯಲ್ಲಿ ಸುತ್ತುತ್ತ ಬಾಯಿಪಾಠ ಮಾಡುತ್ತಿದ್ದೆ. ಒಂದು ದಿನ ನಡುವೆ ತಡವರಿಸಿ ನಿಂತೆ. ಹೊರಗಿನಿಂದ ಮುಂದಿನ ಸಾಲು ಬಂತು. ಅರ್ಥ ತಿಳಿಯದೆ, ಬರೀ ದನಿಯಿಂದ ಹಿಡಿದದ್ದು, ಆದರೆ ಒಂದಕ್ಷರ ತಪ್ಪಿಲ್ಲ. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಪೂರಾ ಹೇಳಿಸಿ ಕೇಳಿದಳು. “ನಾಳಿಂದ ಈಕೀನ ಕಾನ್ವೆಂಟಿಗೆ ಕಳಸೂಣು, ನೀ ಹಾಲು ಹೊರಾಕ ಹೋಗು,” ಎಂದು ನನಗೆ ಚೇಷ್ಟೆ ಮಾಡಿದಳು. ಅವಳು ಸಂಜೆಗೆ ಅದನ್ನು ಮರೆತಿರಬೇಕು. ನಾನು ಮರೆಯಲಿಲ್ಲ.

ಅದೇ ವಾರ ಸಿಸ್ಟರ್ ನನ್ನ ಕೈಯಲ್ಲಿ ಒಂದು ಚೀಟಿ ಕೊಟ್ಟು ಕಳಿಸಿದರು. ನನ್ನ ತಲೆಯಲ್ಲಿ ಹೇನು. ಅದು ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಬೆಂಚಿನಲ್ಲಿ ಕೂಡುತ್ತಿದ್ದ ದೊಡ್ಡ ಆಫೀಸರರ ಮಗಳ ಸ್ಯಾಟಿನ್ ರಿಬ್ಬನ್ನಿನಿಂದ ಅದು ಇಳಿದು ಬಂದುದನ್ನು ಭೂಗೋಳದ ಪಾಠದ ನಡುವೆ ನಾನೇ ನೋಡಿದ್ದೆ. ಚೀಟಿಯಲ್ಲಿದ್ದದ್ದು ಒಂದೇ ಸಾಲು, ಮಗುವಿನ ತಲೆ ಸ್ವಚ್ಛ ಮಾಡಿ ಕಳಿಸಿರಿ ಎಂದು. ಅವ್ವನಿಗೆ ಇಂಗ್ಲಿಷ್ ಬಾರದು. ಓದು ಎಂದಳು. ನಾನು ಓದಿದೆ.

“ನಿಮ್ಮ ಮಗಳಿಗೆ ಹೇನು ಆಗ್ಯಾವ. ಅಡವಿ ಮಕ್ಕಳನ್ನ ಮನಿ ಮುಂದ ಕೂಡಿಸಿಕೊಂಡ್ರ ಹಿಂಗ ಆಗತೈತಿ. ಇನ್ನ ಮ್ಯಾಲ ಕೂಡಿಸಬ್ಯಾಡ್ರಿ ಅಂತ ಬರದಾರ.”

ಅವ್ವ ಚೀಟಿಯನ್ನು ತಿರುಗಿಸಿ ಹಿಂದೆಯೂ ನೋಡಿದಳು. “ಇಷ್ಟ ಸಣ್ಣ ಚೀಟ್ಯಾಗ ಅಷ್ಟೆಲ್ಲಾ ಬರದಾರೇನು?”

“ಇಂಗ್ಲಿಷ್ ಹಂಗ ಇರತೈತಿ,” ಎಂದೆ.

ಅಪ್ಪನಿಗೆ ತೋರಿಸಲು ನಾಚಿಕೆಯಾಗಿ ಅವ್ವ ಅದನ್ನು ನೀರೊಲೆಗೆ ಹಾಕಿದಳು. ನನ್ನ ತಲೆಗೆ ಚಿಮಣಿ ಎಣ್ಣೆ ಹಚ್ಚಿ ಬಟ್ಟೆ ಬಿಗಿದಳು. ಮರುದಿನ ಕಿಟ್ಲಿ ಹಿಡಿದು ಬಾಗಿಲಿಗೆ ಹೋದವಳು ವಿಠಾಬಾಯಿಯ ಮುಖ ನೋಡಲಿಲ್ಲ. “ಸಿಸ್ಟರ್ ಚೀಟಿ ಬರದಾರ ವಿಠಾ. ತಪ್ಪ ತಿಳೀಬ್ಯಾಡ. ನಾಳಿಂದ ಹಾಲು ಅಷ್ಟ ಹಾಕು.”

ವಿಠಾಬಾಯಿ ಅಳತೆ ಹಾಕಿದಳು, ಮೇಲೆ ಕೊಸರು ಹಾಕಿದಳು. “ಆತ್ ಬಾಯಿ,” ಎಂದಳು. ಆಮೇಲೆ, “ಏಳ್ ಪೋರಿ.” ಜನಿ ಎದ್ದಳು. ಎದ್ದವಳು ತಾನು ಕೂತ ಜಾಗವನ್ನು ಲಂಗದ ಅಂಚಿನಿಂದ ಒರೆಸಿ ಹೋದಳು.

ಸಿಸ್ಟರ್ ಚೀಟಿಯ ಸುದ್ದಿ ನಳದ ಹತ್ತಿರ ಹಬ್ಬಿತು. ಎಂಟು ದಿನದೊಳಗೆ ನಮ್ಮ ಸಾಲಿನ ಯಾವ ಕಟ್ಟೆಯ ಮೇಲೂ ಗೌಳಿ ಹುಡುಗಿ ಇರಲಿಲ್ಲ. ಅವರೆಲ್ಲ ಎಲ್ಲಿ ಹೋದರೆಂದು ನಾನು ಕೇಳಲಿಲ್ಲ. ಹಾಲು ಮಾತ್ರ ಬರುತ್ತಿತ್ತು. ಸ್ಪರ್ಧೆಯಲ್ಲಿ ನಾನು ಅದೇ ಜಾಗದಲ್ಲಿ ತಡವರಿಸಿ ವೇದಿಕೆ ಇಳಿದು ಬಂದೆ. ಮುಂದೆ ಓದು, ಮದುವೆ, ಹಳಿಯಾಳ, ಮಕ್ಕಳು. ಅವ್ವ ಹೋಗಿ ಹನ್ನೆರಡು ವರ್ಷವಾಯಿತು. ಕೊನೆಯ ತನಕ ಅವಳು ಆ ಸಿಸ್ಟರನ್ನು ‘ಭಾಳ ಕಟ್ಟುನಿಟ್ಟು’ ಎಂದೇ ನೆನೆಯುತ್ತಿದ್ದಳು. ಆಗಲೂ ನಾನು ತಿದ್ದಲಿಲ್ಲ.

ಶೈಲಾ ವೈನಿ ಹಾಳೆ ಕೊಟ್ಟ ಮೇಲಿನ ಸಂತೆಯಲ್ಲಿ ಬೆಣ್ಣೆಯವಳನ್ನು ಕೇಳಿದೆ. “ವಿಠಾ ಆಜಿ? ಅದಾಳಲ್ರಿ. ಕಣ್ಣ ಮಂದ ಆಗ್ಯಾವ, ನಾಲಿಗಿ ಮಂದ ಆಗಿಲ್ಲ,” ಎಂದಳು. ನಾನು ಆಟೋ ಮಾಡಿಕೊಂಡು ವಾಡಾಕ್ಕೆ ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಎಂದೋ ಕೊಂಡಿಟ್ಟಿದ್ದ ಉಣ್ಣೆ ಸ್ವೆಟರು ಒಯ್ದಿದ್ದೆ. ಆಜಿ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದಳು. ಸ್ವೆಟರನ್ನು ಮುಟ್ಟಿ ನೋಡಿ, “ಬೆಚ್ಚಗ ಐತಿ. ಕರುವಿಗೆ ಹೊಚ್ಚಾಕ ಆಗತೈತಿ,” ಎಂದಳು.

ಕಿಟ್ಲಿ ಮನೆಯವಳೆಂದು ಹೇಳಿದೆ. ಅವಳ ಕೈ ಗಾಳಿಯಲ್ಲಿ ಮುಚ್ಚಳ ತೆಗೆಯುವಂತೆ ತಿರುಗಿತು. “ಭಾಳ ಬಿಗಿ ಇತ್ತು ಅದು. ಕಾನ್ವೆಂಟ್ ಪೋರಿ ಏನ ನೀ? ಹಲ್ಲು ಮುಂದ ಇದ್ದಾಕಿ?”

“ಹೌದ್ರಿ ಆಜಿ. ನಿಮಗ ಸನ್ಮಾನ ಮಾಡಬೇಕಂತ ಬಂದೇನಿ. ಶಾಲು ಹೊಚ್ಚತಾರ.”

“ನಾ ಇನ್ನೂ ಸತ್ತಿಲ್ಲಲ್ಲ.”

“ಹಂಗಲ್ರಿ. ಹೆಣ್ಣುಮಕ್ಕಳಿಗೆ ಸಾಲಿ ಕಲಿಸಿದ್ರಲ್ಲ.”

“ನಾ ಎಲ್ಲಿ ಕಲಿಸಿದ್ನಿ? ಕಲಿಸಿದವರು ಮಾಸ್ತರ್ರು. ನಾ ಕೂಡಿಸಿದ್ನಿ ಅಷ್ಟ.”

ಜನಿ ಏನಾದಳೆಂದು ಕೇಳಿದೆ. ಜೊಯಿಡಾ ಕಡೆ ಅಂಗನವಾಡಿ ಟೀಚರಾಗಿದ್ದಾಳಂತೆ. ಇನ್ನೇನು ನಿವೃತ್ತಿಯ ಹತ್ತಿರ. ನನ್ನ ಎದೆ ಹಗುರಾಯಿತು. ಆಗಲೇ ಆಜಿ ತನ್ನಷ್ಟಕ್ಕೆ ಮುಂದುವರಿಸಿದಳು.

“ಒಂದ ವರ್ಷ ಭಾಳ ತ್ರಾಸ ಆತು. ಹೇನು ಅಂದ್ರು, ಆರೂ ಕಟ್ಟಿ ಬಂದ್ ಆದವು. ಪರೀಕ್ಷಾ ಹತ್ರ ಬಂದಿತ್ತು. ಪೋಸ್ಟ್ ಆಫೀಸಿನ ಮೆಟ್ಟಲ ಮ್ಯಾಲ ಕೂಡಿಸಿದ್ನಿ. ಮಂದಿ ಪೋರ್‍ಯಾರು, ಬಿಟ್ಟ ಬರಾಕ ಆಗತೈತೇನ? ನಾನೂ ಹತ್ತರ ತನಕ ಬಾಜೂಕ ಕೂತ್ನಿ. ಇಲ್ಲೆ ಎಮ್ಮಿ ಬಿಡೂದು ತಡ ಆತು, ಹಾಲು ಇಳೀತು, ಮೂರು ಮನಿ ವರ್ತನಿ ಹೋತು, ನಮ್ಮ ಮುದುಕ ಬೈದ. ಆದ್ರ ಐದು ಮಂದಿ ಪಾಸಾದ್ವು. ಸಾವಿ ಒಬ್ಬಾಕಿ ಬಿಟ್ಲು. ಎಲ್ಲಾರಕಿಂತ ಸಣ್ಣಾಕಿ. ಮೆಟ್ಟಲ ಮ್ಯಾಲ ಕೂತ್ರ ಬಂದವರು ಹೋದವರು ನೋಡ್ತಾರ ಅಂತ ಆಕಿಗೆ ನಾಚಿಕಿ. ಎಮ್ಮಿ ಹಿಂದ ಹೋದ್ಲು. ಇವತ್ತೂ ಎಮ್ಮಿ ಹಿಂದನ ಹೋಗ್ಯಾಳ, ಸಂಜೀಕ ಬರ್ತಾಳ.”

ಸಾವಿ ಯಾರ ಕಟ್ಟೆಯವಳೋ, ಅವಳ ಮುಖವೂ ನನಗೆ ನೆನಪಿಲ್ಲ. ಸಂಜೆಯ ತನಕ ಕಾಯುವ ಧೈರ್ಯ ನನಗಿಲ್ಲವೆಂದು ಗೊತ್ತಿತ್ತು. ಅದಕ್ಕೇ ಆಗಲೇ ಹೇಳಿದೆ. “ಆಜಿ, ಆ ಚೀಟ್ಯಾಗ ಹಂಗ ಬರದಿರ್ಲಿಲ್ಲ. ತಲಿ ಸ್ವಚ್ಛ ಮಾಡ್ರಿ ಅಂತಷ್ಟ ಇತ್ತು. ಉಳದದ್ದು ನಾ ಹುಟ್ಟಿಸಿಕೊಂಡು ಓದಿದ್ನಿ. ಹೇನೂ ಜನಿದಲ್ಲ.”

ಆಜಿ ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟುತ್ತ ಕೂತಳು.

“ಆಗ ನಿನಗ ಎಷ್ಟು ವಯಸ್ಸು?”

“ಹನ್ನೊಂದ್ರಿ.”

“ಹನ್ನೊಂದಕ್ಕ ತಿಳೀತೈತಿ,” ಎಂದಳು.

ಹೋಗಲಿ ಬಿಡು ಎಂದಾಳು ಎಂದುಕೊಂಡೇ ಹೋಗಿದ್ದೆನೆಂದು ಆಗ ನನಗೆ ಗೊತ್ತಾಯಿತು. ಅವಳು ಅನ್ನಲಿಲ್ಲ. ಸ್ವೆಟರನ್ನು ಮಡಚಿ ಪಕ್ಕಕ್ಕಿಟ್ಟು, “ಈಗ ಮನಿ ಎಲ್ಲಿ?” ಎಂದಳು.

“ಹಳಿಯಾಳ.”

“ಬಸ್ ಸ್ಟ್ಯಾಂಡಿಗೆ ಎಷ್ಟು ದೂರ?”

“ಐದು ನಿಮಿಷ.”

“ಕಟ್ಟಿ ಐತೇನ?”

ಸಾವಿಯ ಮಗಳ ಮಗಳು ಸವಿತಾ ಹಳಿಯಾಳದ ಕಾಲೇಜಿಗೆ ಬರುತ್ತಾಳಂತೆ. ಇರುವುದೊಂದೇ ಬಸ್ಸು, ಏಳೂವರೆಗೆ ಇಳಿಸುತ್ತದೆ, ಕಾಲೇಜು ಹತ್ತಕ್ಕೆ. ಅಲ್ಲಿಯ ತನಕ ಬಸ್ ಸ್ಟ್ಯಾಂಡಿನ ಬೆಂಚು. ಯಾರೋ ಬಂದು ಬಂದು ಮಾತಾಡಿಸುತ್ತಾರೆಂದು ಅವಳಪ್ಪ ಕಾಲೇಜು ಬಿಡಿಸುವ ಮಾತಾಡುತ್ತಿದ್ದಾನೆ.

“ಐತ್ರಿ ಆಜಿ,” ಎಂದು ಮನೆಯ ಗುರುತು ಹೇಳಿದೆ.

“ಹಂಗಾರ ಸೋಮವಾರ ಬರತೈತಿ ಪೋರಿ. ಶಾಲು ಬ್ಯಾಡ, ಎಮ್ಮಿ ಬಿಟ್ಟ ನನಗ ಬರಾಕ ಆಗೂದಿಲ್ಲ.”

ಶೈಲಾ ವೈನಿಗೆ ಹಾಳೆಯನ್ನು ಖಾಲಿಯೇ ಕೊಟ್ಟೆ. ಅವರು ಬೇಸರಪಡಲಿಲ್ಲ, ಹೆಡ್‌ಮಾಸ್ತರ್ ಬಾಯಾರು ಮೂರನೇ ಸಲಕ್ಕೂ ಒಪ್ಪಿದ್ದರು. ಭಾನುವಾರ ನಾನು ನಮ್ಮ ಕಟ್ಟೆ ತೊಳೆಯುತ್ತಿದ್ದಾಗ ಯಜಮಾನರು ಯಾರು ಬರುತ್ತಾರೆಂದು ಕೇಳಿದರು. ಮೂವತ್ತು ವರ್ಷದ ಸಂಸಾರದಲ್ಲಿ ಹೇಳದಿದ್ದುದನ್ನು ಕಸಬರಿಗೆ ಹಿಡಿದುಕೊಂಡೇ ಹೇಳಿದೆ. ಅವರು ಕಟ್ಟೆಗೆ ಒತ್ತಿ ನಿಲ್ಲಿಸಿದ್ದ ಸ್ಕೂಟರನ್ನು ತೆಗೆದು ರಸ್ತೆಗೆ ಇಟ್ಟರು.

ಸೋಮವಾರ ಮಂಜು ಬಿದ್ದಿತ್ತು. ಏಳೂವರೆ ದಾಟಿ ಸ್ವಲ್ಪ ಹೊತ್ತಿಗೆ ಎದೆಗೆ ಚೀಲ ಅವಚಿಕೊಂಡ ಹುಡುಗಿ ಗೇಟಿನ ಹತ್ತಿರ ನಿಂತಳು. ಕಟ್ಟೆಯ ಮೇಲೆ ಕುರ್ಚಿ ಹಾಕಿ, ಅದರ ಮೇಲೆ ಒಂದು ದಿಂಬೂ ಇಟ್ಟಿದ್ದೆ. ಅವಳು ಅದನ್ನು ನೋಡಿ ಅತ್ತ ನಡೆದಳು. ಆಗ ನನಗೆ ಅನಿಸಿತು, ಇಷ್ಟು ವರ್ಷ ನಾನು ಅವ್ವನ ಕಟ್ಟೆಯನ್ನು ನೆನೆದು ಹೆಮ್ಮೆಪಟ್ಟಿದ್ದೇನೆ, ನನ್ನ ಸುಳ್ಳನ್ನು ನೆನೆದು ನಾಚಿದ್ದೇನೆ. ಆದರೆ ಎರಡು ವರ್ಷದ ಚಳಿ ಮಳೆಯಲ್ಲಿ ಜನಿಯನ್ನು ನಾವು ಯಾರೂ ಹೊಸ್ತಿಲು ದಾಟಿಸಿರಲಿಲ್ಲ. ಬೆಲ್ಲ ಕೊಟ್ಟ ಅವ್ವನೂ ಹೊಸ್ತಿಲೊಳಗೆ ನಿಂತೇ ಕೈ ಚಾಚಿದ್ದಳು.

“ಸವಿತಾ, ಒಳಗ ಬಾರವಾ. ಊಟದ ಟೇಬಲ್ ಖಾಲಿ ಐತಿ, ಅಲ್ಲೆ ಓದ್ಕೋ,” ಎಂದೆ.

ಅವಳು ಒಂದು ಚಪ್ಪಲಿ ಬಿಟ್ಟು, ಇನ್ನೊಂದು ಕಾಲಲ್ಲೇ ಇರುವಂತೆ ನಿಂತುಬಿಟ್ಟಳು.

“ವಿಠಾ ಆಜಿ ಕಟ್ಟಿ ಮ್ಯಾಲ ಕೂಡು ಅಂತ ಹೇಳ್ಯಾಳ್ರಿ ಆಂಟಿ,” ಎಂದಳು. “ಒಳಗ ಕರದ್ರ ಏನ ಮಾಡಬೇಕಂತ ಹೇಳಿಲ್ಲ.”