ಹಲಗೆ ಒಣಗುವವರೆಗೆ

ಮೇಸ್ತ್ರಿ ಮೊದಲ ಸಲ ಆ ಸೀಮೆಸುಣ್ಣದ ಕಾರ್ಖಾನೆಯ ಬಾಗಿಲಿಗೆ ಬಂದದ್ದು ಒಂದು ಸೋಮವಾರ ಬೆಳಗ್ಗೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ, ಅದರ ಹಿಂದೆ ಮಾಲು ಒಣಗಿಸುವ ಅಂಗಳ. ಅದನ್ನು ನಡೆಸುತ್ತಿದ್ದ ಅಪ್ಪ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಎಲ್ಲರೂ ಅಕ್ಕ ಎಂದು ಕರೆಯುವ ಮಗಳಿಗೆ ಆಗ ಇಪ್ಪತ್ತಾರು. ಅಪ್ಪನ ಕುರ್ಚಿಯಲ್ಲಿ ಕೂರಲು ಸಂಕೋಚವಾಗಿ, ಬಾಗಿಲ ಪಕ್ಕದ ಪ್ಲಾಸ್ಟರ್ ಚೀಲದ ಮೇಲೆ ಕೂತಿದ್ದಳು. ಬಂದವರಿಗೆ ನಲವತ್ತರ ಆಸುಪಾಸು. ತೋಳು ಮಡಚಿದ ಬೂದು ಅಂಗಿ, ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಕಬ್ಬಿಣದ ಪಟ್ಟಿ. ಕೆಲಸ ಇದೆಯಾ ಎಂದು ಅವರು ಕೇಳಲಿಲ್ಲ. ಪೆಟ್ಟಿಗೆಯಿಂದ ಒಂದು ಸೀಮೆಸುಣ್ಣ ಎತ್ತಿಕೊಂಡು ಎದೆಯೆತ್ತರಕ್ಕೆ ಹಿಡಿದು ನೆಲಕ್ಕೆ ಬಿಟ್ಟರು. ಅದು ಐದು ಚೂರಾಯಿತು.

"ಎರಡೇ ತುಂಡಾಗ್ಬೇಕಮ್ಮ," ಎಂದರು. "ನೀರು ಜಾಸ್ತಿ ಹಾಕ್ತಿದ್ದಾರೆ."

ಹಾಗೆಂದವರೇ ಒಳಗೆ ಹೋಗಿ ಬಕೆಟ್ಟಿಗೆ ಕೈ ಹಾಕಿದರು. ಪ್ಲಾಸ್ಟರ್ ಕಲಸಿ, ಎಣ್ಣೆ ಸವರಿದ ಅಚ್ಚಿಗೆ ಸುರಿದು, ಮೇಲೆ ಉಳಿದದ್ದನ್ನು ತಮ್ಮ ಪಟ್ಟಿಯಿಂದ ಒಂದೇ ಎಳೆತಕ್ಕೆ ಕೆರೆದರು. ಗಟ್ಟಿಯಾಗುವವರೆಗೆ ಅಚ್ಚಿನ ಮೇಲೆ ಅಂಗೈ ಇಟ್ಟುಕೊಂಡು ನಿಂತರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ. ಅಚ್ಚು ಬಿಚ್ಚಿದಾಗ ಒಂದು ಕಡ್ಡಿಯೂ ಮುರಿದಿರಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿದ್ದ ಹೆಂಗಸೊಬ್ಬಳ ಮೊಣಕೈ ತಾಗಿ ಒಂದು ಹಲಗೆ ಮಾಲು ನೆಲಕ್ಕೆ ಬಿತ್ತು. ಅಕ್ಕ ಬೈಯಲು ಬಾಯಿ ತೆರೆದಳು. ಮೇಸ್ತ್ರಿ ಬಿಳಿಯಾದ ಕೈ ಎತ್ತಿ ತಡೆದರು.

"ಹಲಗೆ ಮೇಲೆ ಮಾಲು ಹಸಿ ಇರೋವಾಗ ಒಡಕು ಮಾತು ಬೇಡಮ್ಮ. ಕೇಳಿದೋರ ಕೈ ನಡುಗತ್ತೆ. ನಡುಗೋ ಕೈಯಲ್ಲಿ ಮಗುಚಿದ ಮಾಲು ಸೊಟ್ಟಗಾಗತ್ತೆ. ಒಣಗಿದ ಮೇಲೆ ಎಷ್ಟು ಬೇಕಾದ್ರೂ ಬೈಕೊಳ್ಳಿ."

ಮಾಲು ಒಣಗಲು ನಾಲ್ಕು ದಿನ ಬೇಕಾಯಿತು. ಅಷ್ಟು ಹೊತ್ತಿಗೆ ಬೈಯಲು ಸಿಟ್ಟೇ ಉಳಿದಿರಲಿಲ್ಲ.

ಆ ಮಾತೇ ಮುಂದೆ ಕಾರ್ಖಾನೆಯ ಕಟ್ಟಳೆಯಾಯಿತು. ವಾರದ ಮೊದಲೆರಡು ದಿನ ಅಚ್ಚು, ಆಮೇಲೆ ಒಣಗಿಸುವುದು, ಕಡೆಯ ದಿನ ಪೆಟ್ಟಿಗೆ ತುಂಬುವುದು. ದೂರು, ಜಗಳ, ರಜೆಯ ಮಾತು, ಕೆಟ್ಟ ಸುದ್ದಿ ಎಲ್ಲವೂ ಪೆಟ್ಟಿಗೆ ತುಂಬುವ ದಿನಕ್ಕೇ. ಅಂದು ಹಲಗೆ ಬೀಳಿಸಿದ ಹೆಂಗಸಿಗೆ ಎಲ್ಲರೂ ಮಾತಿನಮಲ್ಲಿ ಎನ್ನುತ್ತಿದ್ದರು. "ನನ್ನ ಗಂಡನ ಜತೆ ಜಗಳಾನೂ ಶನಿವಾರಕ್ಕೇ ಎತ್ತಿಟ್ಕೊಂಡಿದೀನಿ. ಪಾಪ, ವಾರವೆಲ್ಲಾ ಹೆದರ್ಕೊಂಡೇ ಇರ್ತಾನೆ," ಎಂದು ಆಕೆ ನಗಿಸುತ್ತಿದ್ದಳು. ಅಲ್ಲಿ ದುಡಿಯುವ ಏಳು ಹೆಂಗಸರು ಬೇರೆ ಯಾರಿಗೂ ಅಷ್ಟು ಗಟ್ಟಿಯಾಗಿ ಬಾಯಿ ಕಟ್ಟಿಕೊಂಡವರಲ್ಲ. ಮೇಸ್ತ್ರಿಯ ಮಾತೆಂದರೆ ಮಾತು. ಅಕ್ಕನೂ ವ್ಯಾಪಾರ ಕಲಿತದ್ದು ಅವರಿಂದಲೇ. ಇಪ್ಪತ್ತೆರಡು ವರ್ಷ ಹೀಗೆ ಹೋದವು.

ಇಪ್ಪತ್ತಮೂರನೆಯ ವರ್ಷ, ಶಾಲೆಗಳಿಗೆ ಸಾಮಾನು ಪೂರೈಸುವ ಮಂಡಿಯಿಂದ ಒಂದು ಮಂಗಳವಾರ ಫೋನ್ ಬಂತು. ಅಕ್ಕನ ಮಾಲಿನಲ್ಲಿ ಮುಕ್ಕಾಲು ಪಾಲು ಹೋಗುತ್ತಿದ್ದದ್ದು ಅಲ್ಲಿಗೇ. ಎಲ್ಲ ಶಾಲೆಗೂ ಬಿಳಿ ಹಲಗೆ ಬರುತ್ತಿದೆ, ಇನ್ನು ಪೆನ್ನಿನಲ್ಲೇ ಬರೆಯುತ್ತಾರೆ, ಈ ಸಲದ್ದು ಕಳಿಸಿಬಿಡಿ, ಮುಂದೆ ಬೇಡ ಎಂದರು. ಹೇಳಿದವರ ದನಿಯಲ್ಲಿ ಬೇಸರವೂ ಇತ್ತು, ಆತುರವೂ ಇತ್ತು.

ಅಕ್ಕ ಫೋನ್ ಇಟ್ಟು ಅಂಗಳಕ್ಕೆ ಬಂದಳು. ನಲವತ್ತು ಹಲಗೆ ಮಾಲು ಆಗತಾನೇ ಅಚ್ಚಿನಿಂದ ಇಳಿದು ಹಸಿಯಾಗಿ ಮಲಗಿತ್ತು. ಹೆಂಗಸರು ಸಾಲಾಗಿ ಕೂತು ಒಂದೊಂದೇ ಕಡ್ಡಿ ಮಗುಚುತ್ತಿದ್ದರು. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು ಅವಳಿಗೆ. ಶನಿವಾರ ಹೇಳೋಣ ಎಂದುಕೊಂಡಳು. ಅಷ್ಟರೊಳಗೆ ಬೇರೊಬ್ಬ ಗಿರಾಕಿ ಸಿಕ್ಕರೆ, ಕೆಟ್ಟ ಸುದ್ದಿಯ ಜತೆಗೆ ಒಂದು ಒಳ್ಳೆಯ ಸುದ್ದಿಯನ್ನೂ ಸೇರಿಸಿ ಹೇಳಬಹುದಲ್ಲ ಎಂಬ ಆಸೆ.

ಆದರೆ ಆ ವಾರ ಬಿಸಿಲೇ ಬರಲಿಲ್ಲ. ಮೋಡ ಊರ ಮೇಲೆ ಗೋಣಿತಾಟು ಹೊದಿಸಿದ ಹಾಗೆ ಕೂತುಬಿಟ್ಟಿತು. ಶನಿವಾರ ಕಡ್ಡಿ ಮುರಿದು ನೋಡಿದರೆ ಒಳಗೆ ಇನ್ನೂ ತಣ್ಣಗಿತ್ತು. ಮೇಸ್ತ್ರಿ ತಲೆಯಾಡಿಸಿದರು. ಮತ್ತೊಂದು ವಾರ.

ಅಕ್ಕ ದಿನಾ ಮಧ್ಯಾಹ್ನ ಮಾದರಿ ಪೆಟ್ಟಿಗೆ ಹಿಡಿದು ಅಂಗಡಿ ಅಂಗಡಿ ಅಲೆದಳು. ಎಲ್ಲಿಗೆಂದು ಹೇಳದೆ ಹೋಗುತ್ತಿದ್ದಳು, ಚಪ್ಪಲಿ ಸವೆಸಿಕೊಂಡು ಬರುತ್ತಿದ್ದಳು. ಒಬ್ಬ ಅಂಗಡಿಯವನು ಅವಳನ್ನು ಕೂರಿಸಿ ನೀರು ಕೊಟ್ಟು, ಈಗ ಮೇಷ್ಟ್ರುಗಳಿಗೂ ಕೈ ಬೆಳ್ಳಗಾಗೋದು ಬೇಡ ಅಕ್ಕಾ ಎಂದ. ಕಡೆಗೆ ಒಬ್ಬ ದರ್ಜಿ ಸಾಮಾನಿನ ವ್ಯಾಪಾರಿ ಮಾತ್ರ, ಬಟ್ಟೆಗೆ ಗೆರೆ ಎಳೆಯುವ ಚಪ್ಪಟೆ ಬಿಲ್ಲೆ ಮಾಡಿಕೊಟ್ಟರೆ ಸ್ವಲ್ಪ ತೆಗೆದುಕೊಂಡೇನು ಎಂದ. ಅದು ಮೂರು ಜನರ ಕೆಲಸ. ತನ್ನನ್ನು ಬಿಟ್ಟರೆ ಇಬ್ಬರು. ಯಾರಿಬ್ಬರು ಎಂದು ಯೋಚಿಸುತ್ತಾ ಅವಳು ತನ್ನ ಬೀದಿ ದಾಟಿ ಮುಂದೆ ಹೋಗಿಬಿಟ್ಟಿದ್ದಳು.

ಎಂಟನೆಯ ದಿನ ಮೇಸ್ತ್ರಿ ಅಂಗಳದಲ್ಲಿ ಅವಳ ಪಕ್ಕ ಬಂದು ನಿಂತರು. ಇಬ್ಬರೂ ಮೋಡ ನೋಡಿದರು.

"ಅಚ್ಚಿನ ಎಣ್ಣೆ ಮುಗೀತಾ ಬಂತಮ್ಮ. ಮುಂದಿನ ವರ್ಷಕ್ಕೂ ಸೇರಿಸಿ ಈಗ್ಲೇ ತರಿಸಿಬಿಡ್ಲಾ?"

ಏಳು ಜನ ಹೆಂಗಸರು ಕೈಯಳತೆಯಲ್ಲೇ ಕೂತಿದ್ದರು. ಮಾತಿನಮಲ್ಲಿ ಮಗುಚುತ್ತಿದ್ದ ಕಡ್ಡಿಯನ್ನು ಕೈಯಲ್ಲೇ ಹಿಡಿದು ಇತ್ತ ನೋಡುತ್ತಿದ್ದಳು. ಅಕ್ಕ ಅವಳ ಕೈಯನ್ನೇ ನೋಡಿದಳು.

"ತರಿಸಿ, ಮೇಸ್ತ್ರಿ," ಎಂದಳು.

ಹನ್ನೆರಡನೆಯ ದಿನ ಬಿಸಿಲು ಬಂತು. ಮಾಲು ಒಣಗಿತು. ಪೆಟ್ಟಿಗೆ ತುಂಬಿ, ದಾರ ಕಟ್ಟಿದ ಮೇಲೆ ಅಕ್ಕ ಎಲ್ಲರನ್ನೂ ಕೂರಿಸಿ ಹೇಳಿದಳು. ಫೋನ್ ಬಂದ ದಿನ ಯಾವುದು ಎಂಬುದನ್ನೂ ಮುಚ್ಚಿಡಲಿಲ್ಲ. ಯಾರೂ ಕೂಗಾಡಲಿಲ್ಲ. ಮಾತಿನಮಲ್ಲಿ ಸೆರಗಿನಿಂದ ತನ್ನ ಮುಂದಿನ ಹಲಗೆಯನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಬಿಲ್ಲೆಯ ಕೆಲಸಕ್ಕೆ ಮೇಸ್ತ್ರಿಯ ಹೆಸರನ್ನೇ ಅಕ್ಕ ಮೊದಲು ಹೇಳಿದಳು. ಅವರು ಬೇಡವೆಂದರು. ಮಾತಿನಮಲ್ಲಿಯ ಗಂಡ ಹಾಸಿಗೆ ಹಿಡಿದಿದ್ದಾನೆ, ಇನ್ನೊಬ್ಬಳಿಗೆ ಯಾರೂ ಇಲ್ಲ, ಅವರಿಬ್ಬರೂ ಇರಲಿ ಎಂದರು. ಆಮೇಲೆ ಎಲ್ಲರೂ ಎದ್ದು ಹೋಗುತ್ತಿದ್ದಾಗ, ತಮ್ಮ ಕಬ್ಬಿಣದ ಪಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತಾ ಒಂದು ಸಂಗತಿ ಹೇಳಿದರು. ಮನೆಗಳ ಛಾವಣಿಗೆ ಪ್ಲಾಸ್ಟರ್ ಹೂಬಳ್ಳಿ ಅಚ್ಚು ಹಾಕುವ ಕಂಪನಿಯವನೊಬ್ಬ ಹದಿನೈದು ದಿನದಿಂದ ಅವರ ಹಿಂದೆ ಬಿದ್ದಿದ್ದ. ಕಲಸುವ ಕೆಲಸಕ್ಕೆ ಹಿರಿಯ ಕೈ ಬೇಕಾಗಿತ್ತಂತೆ. ಎಂಟನೆಯ ದಿನದ ಸಂಜೆ ಇವರು ಅವನಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸಿದ್ದರು.

ಅಕ್ಕ ಕೈಯಲ್ಲಿದ್ದ ದಾರದುಂಡೆಯನ್ನು ಮೇಜಿನ ಮೇಲೆ ಬಿಟ್ಟಳು. "ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದೆನಲ್ಲಮ್ಮ. ಎಣ್ಣೆ ತರಿಸ್ಲಾ ಅಂತ."

ಮೇಸ್ತ್ರಿ ಪಟ್ಟಿಯನ್ನು ಅವಳ ಪಕ್ಕ ಮೇಜಿನ ಮೇಲಿಟ್ಟರು.

"ನೀವಾದ್ರೂ ಏನ್ ಮಾಡೋಕಾಗ್ತಿತ್ತು? ಮಾಲು ಹಸಿ ಇತ್ತು. ನಾನೇ ಹೇಳ್ಕೊಟ್ಟ ಮಾತು."

ಅವರು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

ಮರುದಿನ ಬೆಳಗ್ಗೆಯೇ ಅವಳು ಆ ಕಂಪನಿಗೆ ಹೋದಳು. ಒಳಗೆ ಮೇಸ್ತ್ರಿ ನಿಲ್ಲಬೇಕಾಗಿದ್ದ ಜಾಗದಲ್ಲಿ ಬೇರೊಬ್ಬ ನಿಂತು ಕಲಸುತ್ತಿದ್ದ. ಎರಡು ದಿನದ ಹಿಂದೆ ಸೇರಿದವನು. ಯಜಮಾನ ಒಳ್ಳೆಯ ಮನುಷ್ಯನೇ. ಬಂದವನನ್ನು ಹೇಗೆ ಕಳಿಸಲಿ ತಾಯಿ, ಬೇಕಾದರೆ ಚೀಲ ಹೊರುವ ಕೆಲಸವಿದೆ ಎಂದ. ಆ ಮಾತನ್ನು ಮೇಸ್ತ್ರಿಗೆ ತಲುಪಿಸಲು ಅಕ್ಕನಿಗೆ ನಾಲಿಗೆ ಏಳಲಿಲ್ಲ. ಹೇಗೋ ಅವರಿಗೇ ತಿಳಿಯಿತು, ಹೋಗಿ ಸೇರಿಕೊಂಡರು. ಅರವತ್ತು ದಾಟಿದ ಬೆನ್ನು. ಕಲಸುವ ಕೈಯವರು ಹೊರುವ ಹೆಗಲಿನವರಾದರು.

ಎಂಟು ತಿಂಗಳಾದ ಮೇಲೆ ಲಾರಿಯ ಹಲಗೆಯಿಂದ ಇಳಿಯುವಾಗ ಚೀಲದ ಸಮೇತ ಬಿದ್ದು ಸೊಂಟ ಮುರಿಯಿತು. ಬೇರೆ ಊರಿನಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು. ಬಸ್ಸಿನ ಬಳಿ ಅಕ್ಕ ನಿಂತಿದ್ದಳು. ಕಿಟಕಿಯಿಂದ ಮೇಸ್ತ್ರಿ ಕೇಳಿದ್ದು ಇಷ್ಟೇ: "ಬಿಲ್ಲೆ ಎಷ್ಟು ತುಂಡಾಗತ್ತಮ್ಮ?" ಎರಡೇ ಎಂದಳು ಅಕ್ಕ. ಆ ವಾರದ ಬಿಲ್ಲೆ ಮೂರಾಗುತ್ತಿತ್ತು. ಅವರಿಗೆ ಅವಳು ಹೇಳಿದ ಎರಡನೆಯ ಸುಳ್ಳು ಅದು, ಕಡೆಯದೂ ಅದೇ. ಮುಂದಿನ ವರ್ಷದ ಕೊನೆಗೆ, ಮೇಸ್ತ್ರಿ ತೀರಿಕೊಂಡರೆಂದು ಮಗಳಿಂದ ಕಾಗದ ಬಂತು. ಅದನ್ನು ಓದಿ ಅಕ್ಕ ಪ್ಲಾಸ್ಟರ್ ಚೀಲದ ಮೇಲೆ ಬಹಳ ಹೊತ್ತು ಕೂತಿದ್ದಳು. ಆಮೇಲೆ ಹಸಿ ಹಲಗೆಗಳ ನಡುವೆಯೇ ಹೋಗಿ ಇಬ್ಬರು ಹೆಂಗಸರಿಗೂ ಹೇಳಿದಳು. ಮಾತಿನಮಲ್ಲಿಯ ಕೈ ನಡುಗಿತು. ಅಂದು ಒಂದು ಹಲಗೆ ಬಿಲ್ಲೆ ಸೊಟ್ಟಗಾಯಿತು. ಅದನ್ನು ಅವರು ಎಸೆಯಲಿಲ್ಲ.

ಈಗ ಅಕ್ಕ ದರ್ಜಿಗಳ ಬಿಲ್ಲೆ ಮಾಡುತ್ತಾಳೆ. ಪ್ಲಾಸ್ಟರ್ ತಾನೇ ಕಲಸುತ್ತಾಳೆ, ಮೇಸ್ತ್ರಿಯ ಪಟ್ಟಿಯಿಂದಲೇ ಅಚ್ಚು ಕೆರೆಯುತ್ತಾಳೆ. ಬೆಳಗ್ಗೆ ಬಕೆಟ್ಟಿಗೆ ನೀರು ಹಾಕುವ ಮೊದಲು, ಹಿಂದಿನ ದಿನ ಬಂದ ಸುದ್ದಿ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಜತೆಯ ಇಬ್ಬರಿಗೂ ಹೇಳಿ ಮುಗಿಸುತ್ತಾಳೆ.