ಕಂಬದ ಮಾಮನ ಕಿವಿ

ಶಾಲೆಯ ಹಳದಿ ಬಸ್ಸಿನ ಡ್ರೈವರನ್ನು ಮಕ್ಕಳೆಲ್ಲ ಕರೆಯುತ್ತಿದ್ದುದು ಕಂಬದ ಮಾಮ ಎಂದು. ಹಿಂದಿನ ಸೀಟುಗಳಲ್ಲಿ ಆಕಾಶವೇ ಕಳಚಿ ಬೀಳಲಿ, ಅವನ ಕತ್ತು ತಿರುಗುತ್ತಿರಲಿಲ್ಲ. "ಮಾಮ, ಇವನು ನನ್ನ ಜಡೆ ಎಳೀತಾನೆ", "ಮಾಮ, ನನ್ನ ಶೂ ಕಿಟಕಿಯಿಂದ ಆಚೆ ಹೋಯ್ತು" ಎಂದು ಎಷ್ಟು ಅರಚಿದರೂ ಹೂಂ ಇಲ್ಲ, ಉಹೂಂ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅಳುತ್ತಿದ್ದ ಮಗುವಿಗೆ ಸಮಾಧಾನ ಹೇಳಲು ಹಿಂದಕ್ಕೆ ತಿರುಗಿ ನೋಡಿ, ಬಸ್ಸನ್ನು ಬೇಕರಿಯೊಂದರ ಮೆಟ್ಟಿಲಿಗೆ ಗುದ್ದಿಸಿದ್ದ. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅವನದು ಒಂದೇ ಪಟ್ಟು: ಬೆನ್ನ ಹಿಂದಿನ ಮಾತಿಗೆ ಉತ್ತರವಿಲ್ಲ. ಬಸ್ಸಿನ ಆಯಾ ಕಬ್ಬಿಣದ ಕಂಬಿಯನ್ನು ಒಮ್ಮೆ ತಟ್ಟಿದರೆ ನಿಲ್ಲಿಸುವುದು, ಎರಡು ಸಲ ತಟ್ಟಿದರೆ ಹೊರಡುವುದು. ಮಿಕ್ಕಿದ್ದೆಲ್ಲ ಗಾಳಿಗೆ.

ಈ ಅಭ್ಯಾಸ ಮನೆಯೊಳಗೂ ಕಾಲಿಟ್ಟಿತ್ತು. ಮಾಮ ಬಾಗಿಲ ಕಡೆ ಮುಖ ಮಾಡಿ ಊಟಕ್ಕೆ ಕೂರುವವನು, ಹೆಂಡತಿ ಒಲೆಯ ಮುಂದೆ ನಿಂತು ಅವನ ಬೆನ್ನಿಗೆ ಮಾತಾಡುವವಳು. ಉತ್ತರ ಬರದೆ ಬರದೆ ಆಕೆ, ಗಂಡನ ಕಿವಿ ಮಂದವಾಗಿದೆ ಎಂದು ತೀರ್ಮಾನಿಸಿದಳು. ಆಮೇಲೆ ದನಿ ಏರಿಸುವುದನ್ನೂ ಬಿಟ್ಟು ತನ್ನಷ್ಟಕ್ಕೆ ತಾನು ಹೇಳಿಕೊಳ್ಳತೊಡಗಿದಳು. ಇಂಥ ಅನುಕೂಲವನ್ನು ಯಾವ ಗಂಡ ತಾನೇ ಕೈಯಾರೆ ಕೆಡಿಸಿಕೊಂಡಾನು? ಮಾಮ ತೆಪ್ಪಗಿದ್ದ.

ಹೀಗಿರುವಾಗ ಲೈಸೆನ್ಸ್ ನವೀಕರಣದ ವರ್ಷ ಬಂತು. ಅವನ ವಯಸ್ಸಿಗೆ ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ಕೆಲಸ ನಡೆಯುವುದಿಲ್ಲ. ಕಣ್ಣು, ಕಿವಿ, ಕೈಕಾಲು ಎಲ್ಲವೂ ನೆಟ್ಟಗಿವೆ ಎಂದು ಅವರು ಬರೆದುಕೊಡಬೇಕು. ಬರೆಯದಿದ್ದರೆ ಸೋಮವಾರದಿಂದ ಬಸ್ಸಿನ ಕೀಲಿಕೈ ಬೇರೆಯವರ ಪಾಲು. ಬಸ್ಸಿಲ್ಲದ ಬೆಳಗನ್ನು ನೆನೆಯಲೂ ಮಾಮನಿಗೆ ಆಗುತ್ತಿರಲಿಲ್ಲ. ಮಕ್ಕಳ ಆ ಗಲಾಟೆ ಕೇಳದೆ ಅವನಿಗೆ ದಿನ ಶುರುವಾಗಬೇಕಲ್ಲ!

ಕಣ್ಣಿನ ಬಗ್ಗೆಯೇ ಅವನಿಗೆ ದಿಗಿಲು. ಹೊಸ ಕನ್ನಡಕ ಮಾಡಿಸಿಕೊಂಡ, ಗಜ್ಜರಿ ತಿಂದು ತಿಂದು ಹೆಂಡತಿಗೆ ಸಾಕು ಸಾಕಾಗಿಸಿದ. ಕಿವಿಯ ನೆನಪು ಅವನಿಗೆ ಬರಲೇ ಇಲ್ಲ. ಹೆಂಡತಿಗೆ ಬಂದಿತ್ತು. "ನಾನೂ ಬರ್ತೀನಿ ರೀ. ಡಾಕ್ಟ್ರು ಹೇಳಿದ್ದು ನಿಮಗೆ ಗೊತ್ತಾಗದಿದ್ರೆ?" ಎಂದು ಬೆನ್ನು ಬಿಡದೆ ಹೊರಟಳು.

ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂರಲು ಜಾಗವಿಲ್ಲದಷ್ಟು ಜನ. ಒಳಗಿದ್ದ ಹುಡುಗಿಯಂಥ ಡಾಕ್ಟರಮ್ಮನಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಅಕ್ಷರಗಳ ಹಲಗೆಯನ್ನು ಮಾಮ ಕೊನೆಯ ಸಾಲಿನವರೆಗೂ ಸರಸರನೆ ಓದಿ ಮುಗಿಸಿದ. ಕೆಂಪು ಯಾವುದು ಹಸಿರು ಯಾವುದು ಎಂದು ಕೇಳಿದ್ದಕ್ಕೆ ನಕ್ಕೇಬಿಟ್ಟ. ಮುಷ್ಟಿ ಹಿಡಿಸಿ ನೋಡಿದ ಡಾಕ್ಟರಮ್ಮ "ಸಾಕು, ನನ್ನ ಬೆರಳು ಬಿಡಿ" ಎಂದಳು. ಆಮೇಲೆ "ಮುಂದೆ ನೋಡ್ಕೊಂಡು ಕೂತ್ಕೊಳ್ಳಿ ಯಜಮಾನ್ರೇ" ಎನ್ನುತ್ತ ಎದ್ದು ಅವನ ಹಿಂದಕ್ಕೆ ಹೋದಳು.

ಬೆನ್ನ ಹಿಂದಿನಿಂದ ಮೆಲ್ಲಗೆ ಮಾತು ಬಂತು. "ನಾನು ಹೇಳಿದ್ದನ್ನ ಹೇಳಿ. ಏಳು."

ಮಾಮ ಒಳಗೊಳಗೇ ನಕ್ಕ. ಜಾಣೆ ಈ ಹುಡುಗಿ! ಡ್ರೈವರು ಹಿಂದಿನ ಮಾತಿಗೆ ಮೈಮರೆಯುತ್ತಾನೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಾಳೆ. ಯಾರ ಹತ್ತಿರ? ಅವನು ಗೋಡೆಯ ಕ್ಯಾಲೆಂಡರಿನ ಮೇಲೆ ನೋಟ ನೆಟ್ಟು, ಸ್ಟೇರಿಂಗ್ ಹಿಡಿದವನ ಹಾಗೆ ಕೈ ಚಾಚಿ ಕುಳಿತ.

"ಮೂರು... ಹದಿನಾಲ್ಕು... ಬಾಗಿಲು..."

ಮಾಮ ಅಲ್ಲಾಡಲಿಲ್ಲ. ಇಷ್ಟು ಚೆನ್ನಾಗಿ ಯಾರೂ ಪಾಸಾಗಿರಲಾರರು ಎಂದು ಎದೆ ಉಬ್ಬಿತು. ಡಾಕ್ಟರಮ್ಮ ಮುಂದೆ ಬಂದು ಕುಳಿತವಳು ಪೆನ್ನು ತೆಗೆಯಲಿಲ್ಲ.

"ಕ್ಷಮಿಸಿ, ಯಜಮಾನ್ರೇ. ಕಿವಿ ತುಂಬಾ ಮಂದವಾಗಿದೆ. ನಾನು ಸಹಿ ಹಾಕೋ ಹಾಗಿಲ್ಲ."

"ನನಗೆ ಮೊದಲೇ ಗೊತ್ತಿತ್ತು ಮೇಡಂ. ಎಷ್ಟೋ ವರ್ಷದಿಂದ ಹೀಗೇ, ಪಾಪ" ಎಂದು ಬಾಗಿಲ ಬಳಿ ನಿಂತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾಮ ದಡಕ್ಕನೆ ಎದ್ದು ನಿಂತ. "ಅಯ್ಯೋ, ಕೇಳಿಸ್ತು ಡಾಕ್ಟ್ರಮ್ಮ! ಏಳು, ಮೂರು, ಹದಿನಾಲ್ಕು, ಬಾಗಿಲು. ಕೊನೇಲಿ 'ಕಷ್ಟ ಇದೆ' ಅಂತ ಗೊಣಗಿದ್ರಿ, ಅದೂ ಕೇಳಿಸ್ತು!"

"ಮತ್ತೆ ಬಾಯಿ ಯಾಕೆ ಬಿಡಲಿಲ್ಲ?"

"ಹಿಂದಿನಿಂದ ಮಾತಾಡಿಸಿದ್ರೆ ಡ್ರೈವರ್ ಉತ್ತರ ಕೊಡಬಾರ್ದಲ್ಲ! ಅದೇ ಪರೀಕ್ಷೆ ಅಂದ್ಕೊಂಡೆ."

ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮತ್ತೆ ಹಿಂದೆ ಹೋಗಿ ಪಿಸುಗುಟ್ಟಿ, ಈ ಸಲ ಒಂದೂ ಬಿಡದೆ ಉತ್ತರ ಪಡೆದು, "ನನಗಿಂತ ನಿಮ್ಮ ಕಿವೀನೇ ಚುರುಕು" ಎಂದು ಸಹಿ ಹಾಕಿದಳು.

ಮಾಮ ಹಿಗ್ಗಿನಿಂದ ಹೆಂಡತಿಯತ್ತ ನೋಡಿದ. ಆಕೆಯ ಮುಖದಲ್ಲಿ ನಗುವಿರಲಿಲ್ಲ.

ಬೀದಿಗೆ ಬಂದ ಮೇಲೆ ಆಕೆ ಕೇಳಿದಳು. "ಹಾಗಾದ್ರೆ ಮನೇಲಿ ನಾನು ಹೇಳಿದ್ದೆಲ್ಲ ಕೇಳಿಸ್ತಿತ್ತು?"

ಮಾಮನ ಕೈಯಲ್ಲಿದ್ದ ಸರ್ಟಿಫಿಕೇಟೇ ಅವನ ವಿರುದ್ಧ ಸಾಕ್ಷಿ. "ಕೇಳಿಸ್ತಿತ್ತು ಕಣೇ."

"ನಿಮ್ಮಕ್ಕನ ಬಗ್ಗೆ ಹೇಳಿದ್ದು?"

"ಅದೂ."

ಆಕೆ ಸರಸರ ನಡೆದಳು. ಮಾಮ ಹಿಂದೆ ಹಿಂದೆಯೇ ಓಡುತ್ತ ಹೇಳಿದ. "ಊರ ಮಕ್ಕಳನ್ನೆಲ್ಲ ಕೂರಿಸ್ಕೊಂಡು ತಿರುಗ್ತಾರೆ, ನನ್ನನ್ನ ಮಾತ್ರ ಒಂದು ದಿನಾನೂ ಆ ಬಸ್ಸು ಹತ್ತಿಸಲಿಲ್ಲ ಅಂದಿದ್ಯಲ್ಲ, ಒಲೆ ಮುಂದೆ ನಿಂತು. ಅದೂ ಕೇಳಿಸಿತ್ತು. ಆವತ್ತು ನನಗೆ ತುತ್ತು ಇಳೀಲಿಲ್ಲ ಕಣೇ. ಏನು ಹೇಳ್ಬೇಕು ಅಂತ ತಿಳೀದೆ ಸುಮ್ಮನಾಗ್ಬಿಟ್ಟೆ."

ಆಕೆಯ ಹೆಜ್ಜೆ ನಿಧಾನವಾಯಿತು. ತಿರುಗಿ ಮಾತ್ರ ನೋಡಲಿಲ್ಲ. ಈಗ ಬೆನ್ನ ಹಿಂದಿನ ಮಾತಿಗೆ ಉತ್ತರ ಕೊಡದಿರುವ ಸರದಿ ಆಕೆಯದು.

ಹೆಂಡತಿಯನ್ನು ಒಂದು ದಿನ ಬಸ್ಸು ಹತ್ತಿಸಲು ಮಾಮ ಕೇಳಿಕೊಂಡದ್ದಕ್ಕೆ ಶಾಲೆಯ ಹೆಡ್ ಮೇಡಂ ಒಪ್ಪಿಗೆ ಕೊಟ್ಟರು. ಸೋಮವಾರ ಶೆಡ್ಡಿನಿಂದ ಬಸ್ಸು ಖಾಲಿ ಹೊರಡುವಾಗ, ಇಸ್ತ್ರಿ ಮಾಡಿದ ಸೀರೆ ಉಟ್ಟ ಹೆಂಡತಿ ಡ್ರೈವರನ ಹಿಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಕುಳಿತಿದ್ದಳು. ಆಯಾ ಹತ್ತುವ ತಿರುವಿನವರೆಗೆ ಬಸ್ಸಿನಲ್ಲಿ ಅವರಿಬ್ಬರೇ. ಆಕೆ ಕಂಬಿಯನ್ನು ಎರಡು ಸಲ ತಟ್ಟಿದಳು. ಬಸ್ಸು ಹೊರಟಿತು.

"ಬೀದಿ ಇಲ್ಲಿಂದ ಎಷ್ಟು ಚೆನ್ನಾಗಿ ಕಾಣ್ಸುತ್ತೆ ರೀ" ಎಂದಳು, ಯಾವಾಗಿನಂತೆ ಮೆಲ್ಲಗೆ, ತನ್ನಷ್ಟಕ್ಕೆ.

ಮಾಮನ ಕತ್ತು ತಿರುಗಲಿಲ್ಲ, ಕಣ್ಣು ರಸ್ತೆ ಬಿಡಲಿಲ್ಲ.

"ಹೂಂ ಕಣೇ" ಎಂದ.